ಠಾಣೆಯ ಅಂಗಳದ ಹಿಡಿಮಣ್ಣು

ನನ್ನ ಬಾಯಿ ಒಳ್ಳೆಯದಲ್ಲ ಎಂದು ನಮ್ಮಪ್ಪ ನರಸಿಂಹಪ್ಪ ನನಗೆ ಏಳು ವರ್ಷವಿದ್ದಾಗಲೇ ಹೇಳಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆಯನ್ನು ನಾನು ಅವನಿಗೇ ತಿರುಗಿಸಿ ಹೇಳಿದ್ದೆ. ಗಾದೆ ಸುಳ್ಳಿರಲಿಕ್ಕಿಲ್ಲ. ಆದರೆ ನನ್ನನ್ನು ಬದುಕಿಸಿದ್ದು ಬಾಯಿ ಮುಚ್ಚಿಕೊಂಡಿದ್ದ ಇನ್ನೊಬ್ಬರು. ಅವರಿಗೆ ನಾನು ಹಿಡಿ ಮಣ್ಣು ತೂರಿ ಶಾಪ ಹಾಕಿದೆ. ಅದೂ ಪೊಲೀಸ್ ಠಾಣೆಯ ಅಂಗಳದಲ್ಲಿ, ಮಟಮಟ ಮಧ್ಯಾಹ್ನ, ಹತ್ತು ಜನ ನೋಡುತ್ತಿದ್ದಾಗ.

ಅದು 2004ನೇ ಇಸವಿ. ನನ್ನ ಊರು ಆಂಧ್ರದ ಗಡಿಯಲ್ಲಿ, ರೊದ್ದಂ ಕಡೆಯ ಹಳ್ಳಿ. ಟೀಚರ್ ಟ್ರೈನಿಂಗ್ ಮುಗಿಸಿ ಹಿಂದೂಪುರದಲ್ಲಿ ಪೆದ್ದಮ್ಮನ ವಠಾರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ವಠಾರದಲ್ಲಿ ಏಳು ಮನೆ, ನಾಲ್ಕು ರೇಷ್ಮೆ ಮಗ್ಗ. ಮಗ್ಗಗಳೆಲ್ಲ ಪೆದ್ದಮ್ಮನ ಮಗ ವೆಂಕಟೇಶಪ್ಪನವು. ನಾನು ವಠಾರದ ಮಕ್ಕಳಿಗೆ ಸಾಯಂಕಾಲ ಪಾಠ ಹೇಳುತ್ತಿದ್ದೆ, ಹಗಲೆಲ್ಲ ಓದುತ್ತಿದ್ದೆ. ಆ ವರ್ಷ ಸಂಕ್ರಾಂತಿ ಹೊತ್ತಿಗೆ ಸರ್ಕಾರಿ ಶಾಲೆಯ ಕನ್ನಡ ಮೀಡಿಯಂ ಟೀಚರ್ ಕೆಲಸಕ್ಕೆ ನನ್ನ ಹೆಸರು ಬಂತು. ಜೂನ್ ಹತ್ತಕ್ಕೆ ಅನಂತಪುರದಲ್ಲಿ ಕೌನ್ಸೆಲಿಂಗ್, ಅಲ್ಲಿ ಆರ್ಡರ್ ಕೊಡುತ್ತಾರೆ ಎಂದು ಕಾಗದ ಬಂದಾಗ ಅಪ್ಪ ಅದನ್ನು ಊರ ಆಂಜನೇಯನ ಪಾದದ ಹತ್ತಿರ ಇಟ್ಟು ಬಂದಿದ್ದ. ಕೂಲಿ ಮಾಡಿ ಓದಿಸಿದವನು. ನಮ್ಮ ಮನೆತನದಲ್ಲಿ ಸರ್ಕಾರಿ ಸಂಬಳ ಕಂಡವರು ಅದುವರೆಗೆ ಒಬ್ಬರೂ ಇರಲಿಲ್ಲ.

ಫೆಬ್ರವರಿಯಲ್ಲಿ ಪೆದ್ದಮ್ಮನ ಮನೆಯವರೆಲ್ಲ ನೆಂಟರ ಮದುವೆಗೆಂದು ಕಲ್ಯಾಣದುರ್ಗಕ್ಕೆ ಹೊರಟರು. ಹೊರಡುವ ಗಡಿಬಿಡಿಯಲ್ಲಿ ಪೆದ್ದಮ್ಮ ಮನೆ ಬೀಗದ ಕೈ ನನ್ನ ಕೈಲಿಟ್ಟು, "ದೀಪ ಹಚ್ಚಮ್ಮ ಎರಡು ದಿನ, ಚೌಡೇಶ್ವರಿ ಮುಂದೆ ಕತ್ಲೆ ಇರಬಾರ್ದು," ಅಂದಳು. ನಾನು ಹಚ್ಚಿದೆ. ಮೂರನೆಯ ದಿನ ಅವರೆಲ್ಲ ವಾಪಸು ಬಂದು ಒಂದು ಗಂಟೆಯೂ ಆಗಿರಲಿಲ್ಲ, ಒಳಗಿನಿಂದ ಪೆದ್ದಮ್ಮನ ಗೋಳು ಕೇಳಿಸಿತು. ಟ್ರಂಕಿನಲ್ಲಿಟ್ಟಿದ್ದ ಕಾಸಿನ ಸರ ಇಲ್ಲ. ಅವಳ ಅತ್ತೆ ಕೊಟ್ಟ ಸರ, ಮೂರು ತಲೆಮಾರಿನದು.

ಬೀಗದ ಕೈ ಯಾರ ಹತ್ತಿರವಿತ್ತು? ನನ್ನ ಹತ್ತಿರ. ಇನ್ನೇನು ಬೇಕು? ಪೆದ್ದಮ್ಮ ಅಂಗಳದಲ್ಲಿ ನಿಂತು ನನ್ನ ಕಡೆ ಬೆರಳು ಮಾಡಿ, "ಇವ್ಳೇ ಕಣಪ್ಪ, ಇನ್ಯಾರು ಬತ್ತಾರೆ?" ಅಂದಳು. ಆಮೇಲೆ ತಲೆಗೂದಲು ಬಿಚ್ಚಿಕೊಂಡು ಚೌಡೇಶ್ವರಿಯ ಪಟದ ಮುಂದೆ ಕೂತು ಹರಕೆ ಹೊತ್ತಳು. "ಸರ ಸಿಗೋಗಂಟ ಎಲೆ ಅಡಿಕೆ ಬಾಯಿಗೆ ಹಾಕಿದ್ರೆ ಕೇಳು ತಾಯೀ!" ವಠಾರದವರೆಲ್ಲ ಬೆರಗಾಗಿ ನಿಂತರು. ಪೆದ್ದಮ್ಮನ ಎಲೆಯಡಿಕೆ ಅಂದರೆ ಸಾಮಾನ್ಯವಲ್ಲ. ಅವಳು ಊಟ ಬಿಟ್ಟಾಳು, ಅದನ್ನು ಬಿಡಲಾರಳು. ಆ ವಠಾರದಲ್ಲಿ ಬೇರೆ ಯಾರಿಗೂ ಆ ಚಟವಿರಲಿಲ್ಲ. ಹೆಂಗಸು ಇಷ್ಟು ದೊಡ್ಡ ಹರಕೆ ಹೊತ್ತ ಮೇಲೆ ಅವಳ ಮಾತು ಸುಳ್ಳಿರುತ್ತದೆಯೇ?

ವೆಂಕಟೇಶಪ್ಪ ಠಾಣೆಯಲ್ಲಿ ಕಂಪ್ಲೇಂಟು ಕೊಟ್ಟ. ಅದರಲ್ಲಿ ನನ್ನ ಮೇಲೆ ಅನುಮಾನವಿದೆ ಎಂದು ಬರೆಸಿದ. ಅನುಮಾನ ಎಂದರೆ ಇನ್ನೂ ಆರೋಪಿಯಲ್ಲ. ವಿಚಾರಣೆ ಮುಗಿಸಿ ಪೊಲೀಸರು ಕೋರ್ಟಿಗೆ ಚಾರ್ಜ್‌ಶೀಟ್ ಹಾಕುವಾಗ ಯಾರ ಹೆಸರು ಬರೆಯುತ್ತಾರೋ ಅವರೇ ಆರೋಪಿ. ಈ ವ್ಯತ್ಯಾಸವನ್ನು ನನಗೆ ಹೇಳಿಕೊಟ್ಟವರು ಠಾಣೆಯ ರೈಟರ್ ವೆಂಕಟರಾಮಪ್ಪನವರು. ಹೆಡ್ ಕಾನ್‌ಸ್ಟೇಬಲ್. ಠಾಣೆಯ ಬರವಣಿಗೆಯೆಲ್ಲ ಅವರದೇ. ಐವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ, ಕಿವಿಯ ಮೇಲೆ ಯಾವಾಗಲೂ ಒಂದು ಪೆನ್ನು. ಮಾತೆಲ್ಲ ಆಕಳಿಸುತ್ತಾ ಆಡಿದ ಹಾಗೆ.

"ಅನುಮಾನ ಅಂದ್ರೆ ಅನುಮಾನ ಅಷ್ಟೇ ಕಣಮ್ಮ. ಸುಮ್ನೆ ಕೂತ್ಕ," ಅಂದರು.

ಸುಮ್ಮನೆ ಕೂರುವ ಜಾತಿಯೇ ನಾನು? ಕೌನ್ಸೆಲಿಂಗಿಗೆ ತರಬೇಕಾದ ಫಾರಂನಲ್ಲಿ ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯೇ ಎಂಬ ಪ್ರಶ್ನೆಯಿತ್ತು. ಚಾರ್ಜ್‌ಶೀಟಿನಲ್ಲಿ ನನ್ನ ಹೆಸರು ಬಂದರೆ ಕೆಲಸ ಹೋಯಿತು. ಇತ್ತ ಕೇಸು ಮುಗಿಯದೆ ನೇತಾಡುತ್ತಿದ್ದರೂ ಠಾಣೆಯಿಂದ ಸರ್ಟಿಫಿಕೇಟು ಸಿಗುವುದಿಲ್ಲ, ಆಗಲೂ ಕೆಲಸ ಹೋಯಿತು. ನನಗೆ ಬೇಕಾಗಿದ್ದುದು ಬೇಗ ಒಂದು ತೀರ್ಮಾನ. ನಾನು ಕದ್ದಿರಲಿಲ್ಲ. ಕದಿಯದವಳಿಗೆ ಏನು ಭಯ, ಬೇಗ ವಿಚಾರಿಸಿದರೆ ಬೇಗ ಬಿಡುಗಡೆ ಎಂದು ಇಪ್ಪತ್ತಮೂರು ವರ್ಷದ ಬುದ್ಧಿ ನಂಬಿತ್ತು.

ಮಾರ್ಚಿನಿಂದ ಶುರುವಾಯಿತು ನನ್ನ ಅಲೆದಾಟ. ಹೋದಾಗಲೆಲ್ಲ ರೈಟರ ಹತ್ತಿರ ಒಂದು ಹೊಸ ನೆಪ ಸಿದ್ಧವಾಗಿರುತ್ತಿತ್ತು. ಬೆರಳಚ್ಚಿನ ರಿಪೋರ್ಟು ಅನಂತಪುರದಿಂದ ಬಂದಿಲ್ಲ. ಪಂಚನಾಮೆಗೆ ಸಹಿ ಹಾಕಬೇಕಾದ ಸಾಕ್ಷಿ ತಿರುಪತಿಗೆ ಹೋಗಿದ್ದಾನೆ. ಬಂದಿದ್ದಾನೆ, ಆದರೆ ತಲೆ ಬೋಳಿಸಿಕೊಂಡು ನೆಗಡಿಯಾಗಿ ಮಲಗಿದ್ದಾನೆ. ಎಲೆಕ್ಷನ್ ಬಂತು, ಠಾಣೆಯ ಅರ್ಧ ಜನ ಬಂದೋಬಸ್ತಿಗೆ ಹೋದರು. ಎಲೆಕ್ಷನ್ ಮುಗಿಯಿತು, ಈಗ ಎಣಿಕೆಯ ಬಂದೋಬಸ್ತು. ಅದೂ ಮುಗಿಯಿತು, ಈಗ ಕಾರ್ಬನ್ ಪೇಪರ್ ಇಲ್ಲ.

"ಕಾರ್ಬನ್ನಾ? ನಾನು ತಂದ್ಕೊಡ್ತೀನಿ ಸಾರ್, ಅಂಗ್ಡಿ ಇಲ್ಲೇ ಐತೆ," ಅಂದೆ.

"ಪ್ರೈವೇಟ್ ಕಾರ್ಬನ್ ನಡೆಯಾಕಿಲ್ಲಮ್ಮ, ಗೌರ್ಮೆಂಟ್ ಸಪ್ಲೈ ಬರ್ಬೇಕು," ಅಂದರು, ಕನ್ನಡಕ ಒರೆಸುತ್ತಾ.

ನನಗೆ ಮೈ ಉರಿದುಹೋಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅನ್ನುತ್ತಾರಲ್ಲ, ಆ ಪೂಜಾರಿ ಈತನೇ ಅನ್ನಿಸಿತು. ಈತನ ಕೈಗೆ ಏನಾದರೂ ಬೀಳಬೇಕೇನೋ ಎಂದು ಅಪ್ಪ ಟವೆಲಿನಲ್ಲಿ ನೂರರ ಎರಡು ನೋಟು ಸುತ್ತಿಕೊಂಡು ಹೋದ. ರೈಟರು ಟವೆಲನ್ನೇ ವಾಪಸು ಅಪ್ಪನ ಹೆಗಲಿಗೆ ಹಾಕಿ ಕಳಿಸಿದರು. ಲಂಚ ತಿನ್ನುವವನಾದರೆ ಬೈಯಲು ಒಂದು ಕಾರಣವಾದರೂ ಸಿಗುತ್ತಿತ್ತು. ತಿನ್ನದೆಯೂ ತಡಮಾಡುವವನನ್ನು ಏನೆಂದು ಬೈಯುವುದು?

ಈ ನಡುವೆ ಒಂದು ದಿನ, ಏಪ್ರಿಲ್ ಇರಬೇಕು, ವಠಾರದ ನಕ್ಷೆ ಬರೆಯಬೇಕೆಂದು ರೈಟರು ತಾವೇ ಬಂದರು. ಪೆದ್ದಮ್ಮನನ್ನು ಇನ್ನೊಮ್ಮೆ ಕೇಳಿದರು. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡೇ ಉತ್ತರ ಹೇಳಿದಳು. ನಾನು ಎದುರಿಗಿದ್ದೇನೆಂದು ಅಸಹ್ಯಪಟ್ಟು ಹಾಗೆ ಮುಚ್ಚಿಕೊಂಡಿದ್ದಾಳೆ ಎಂದುಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ರೈಟರು ನೀರು ಬೇಕೆಂದು ಹಿತ್ತಲ ತೊಟ್ಟಿಯ ಹತ್ತಿರ ಹೋದವರು ಅಲ್ಲೇ ಒಂದಷ್ಟು ಹೊತ್ತು ನಿಂತಿದ್ದರು. ಬಂದು, "ಸರೇಲೇಮ್ಮ, ಬತ್ತೀನಿ," ಎಂದು ಹೊರಟುಹೋದರು. ನಕ್ಷೆ ಬರೆಯಲೇ ಇಲ್ಲ. ಮೈಗಳ್ಳ ಅಂದುಕೊಂಡೆ.

ಮೇ ಮೂರನೆಯ ವಾರ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಗ ಒಳಗಿನಿಂದ ಎಸ್ಸೈ ದನಿ ಕೇಳಿಸಿತು. ಹೊಸ ಹುಡುಗ, ಬಾಕಿ ಕೇಸುಗಳ ಪಟ್ಟಿ ಕರಗಿಸಬೇಕೆಂಬ ಹುರುಪು. "ಬೀಗದ ಕೈ ಆ ಹುಡುಗಿ ಹತ್ರ ಇತ್ತಲ್ಲ. ಪೇರು ರಾಸೆಯ್ಯಿ ರೈಟರೂ! ಚಾರ್ಜ್‌ಶೀಟ್ ಹಾಕಿಬಿಡು, ಮಿಕ್ಕಿದ್ದು ಕೋರ್ಟ್ ನೋಡ್ಕೊಳ್ಳುತ್ತೆ. ತಿಂಗಳ ಕೊನೆಗೆ ನನ್ನ ಟೇಬಲ್ ಮೇಲಿರ್ಬೇಕು." ತೆಲುಗಿನಲ್ಲಿ ಹೆಸರು ಬರೆದುಬಿಡು ಎಂದ, ಅಂದರೆ ನನ್ನ ಹೆಸರು, ಪ್ರಮೀಳಾ, ತಂದೆ ನರಸಿಂಹಪ್ಪ. ರೈಟರು, "ಸರಿ ಸಾರ್," ಅಂದದ್ದೂ ಕೇಳಿಸಿತು.

ಆಮೇಲೆ ಮೇ ತಿಂಗಳ ಕೊನೆಯ ಶುಕ್ರವಾರ. ಬೆಳಿಗ್ಗೆ ಎಂಟಕ್ಕೇ ಕಾನ್‌ಸ್ಟೇಬಲ್ ಬಂದು, ರೈಟರು ಈಗಲೇ ಬರಬೇಕಂತೆ ಅಂದ. ಅಪ್ಪನೂ ಊರಿಂದ ಬಂದಿದ್ದ, ಇಬ್ಬರೂ ಹೋದೆವು. ರೈಟರು ದೊಡ್ಡ ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿ, ಪಕ್ಕದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ ಎಂದು ವೇಳೆ ಬರೆದುಕೊಂಡರು. "ಕೂತ್ಕಳಮ್ಮ. ನನ್ನ ಕೇಳ್ದೆ ಗೇಟು ದಾಟ್‌ಬೇಡ," ಅಂದರು.

ಕೂತೆ. ಹತ್ತಾಯಿತು. ಹನ್ನೊಂದಾಯಿತು. ರೈಟರು ಬೇರೆ ಯಾವುದೋ ಫೈಲು ಬರೆಯುತ್ತಿದ್ದರು. ಅಪ್ಪನಿಗೆ ಚಹಾ, ಬನ್ನು ತರಿಸಿಕೊಟ್ಟರು. ನಾನು ಮೂರು ಸಲ ಎದ್ದು ಹೋಗಿ ಕೇಳಿದೆ. ಮೂರು ಸಲವೂ, "ಕೂತ್ಕಳಮ್ಮ." ವಠಾರಕ್ಕೆ ಹೋಗಿ ಅರ್ಧ ಗಂಟೆಯಲ್ಲಿ ಬರುತ್ತೇನೆ ಎಂದರೆ ಅದಕ್ಕೂ ಇಲ್ಲ. ಹನ್ನೆರಡೂವರೆಗೆ ಟೇಬಲಿನ ಮೇಲಿನ ಫೋನು ಹೊಡೆದುಕೊಂಡಿತು. ಎತ್ತಿ, "ಹೂಂ... ಹೂಂ... ಸರಿ," ಅಂದು ಇಟ್ಟರು. ಮತ್ತೆ ರಿಜಿಸ್ಟರು ತೆಗೆದು, ವೇಳೆ ಬರೆದು, ಇನ್ನೊಂದು ಸಹಿ ಹಾಕಿಸಿಕೊಂಡು ಹೇಳಿದರು: "ಇವತ್ತೇನೂ ಇಲ್ಲ. ಹೋಗಮ್ಮ."

ಏನೂ ಇಲ್ಲ! ಮೂರೂವರೆ ಗಂಟೆ ಕಳ್ಳಿಯ ಹಾಗೆ ಕೂರಿಸಿ ಏನೂ ಇಲ್ಲ! ಮೂರು ತಿಂಗಳಿಂದ ಒಳಗೆ ಕುದಿಯುತ್ತಿದ್ದುದೆಲ್ಲ ಉಕ್ಕಿ ಬಂತು. ಅಂಗಳಕ್ಕೆ ಇಳಿದವಳೇ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡೆ. ಅಪ್ಪ, "ಬ್ಯಾಡ ಕಣವ್ವ, ಬ್ಯಾಡ," ಎಂದು ರಟ್ಟೆ ಹಿಡಿದ. ಕೊಡವಿಕೊಂಡೆ. ನಮ್ಮ ಕಡೆ ಹಿಡಿ ಮಣ್ಣು ತೂರುವುದು ಎಂದರೆ ಹುಡುಗಾಟವಲ್ಲ. ಒಡಹುಟ್ಟಿದವರು ಆಸ್ತಿಗೆ ಕೋರ್ಟಿಗೆ ಹೋದಾಗಲೂ ಹಿರಿಯರು ಅದೊಂದನ್ನು ಮಾಡಬೇಡಿ ಎಂದು ಕಾಲು ಹಿಡಿಯುತ್ತಾರೆ.

"ನಮ್ಮನ್ನ ಹಿಂಗೆ ಕಾಯಿಸ್ತೀಯಲ್ಲ ರೈಟರಪ್ಪ, ನಿನ್ನ ಮನೆ ಹಾಳಾಗ! ನಿನ್ನ ಬಾಯಿಗೆ ಮಣ್ಣು ಬೀಳ! ನಿನ್ನ ಹೆಂಡ್ತಿ ಮಕ್ಳು ನನ್ನಂಗೇ ಬಾಗ್ಲು ಬಾಗ್ಲು ಕಾಯ್ಲಿ!" ಎಂದು ಕೂಗಿ ಮಣ್ಣನ್ನು ಠಾಣೆಯ ಮೆಟ್ಟಿಲಿನ ಕಡೆಗೆ ತೂರಿಬಿಟ್ಟೆ.

ರೈಟರು ಬಾಗಿಲಲ್ಲಿ ನಿಂತಿದ್ದರು. ಕನ್ನಡಕದ ಮೇಲೆ ಧೂಳು ಬಿತ್ತು. ಕಾನ್‌ಸ್ಟೇಬಲ್ ಒಬ್ಬ ಲಾಠಿ ಹಿಡಿದು ಮುಂದೆ ಬಂದ. ರೈಟರು ಕೈ ಅಡ್ಡ ಹಿಡಿದರು. "ಬಿಡಪ್ಪ, ಹುಡ್ಗಿಗೆ ಬಿಸ್ಲು," ಅಂದರು, ಅಷ್ಟೇ.

ವಠಾರಕ್ಕೆ ಬಂದರೆ ಜಾತ್ರೆಯಷ್ಟು ಜನ. ಪಕ್ಕದ ಮನೆಯ ಸುವರ್ಣಮ್ಮ ಓಡಿ ಬಂದು ನನ್ನನ್ನು ತಬ್ಬಿಕೊಂಡಳು. "ಸರ ಸಿಕ್ತು ಕಣೇ! ಸಗಣೀಲಿ ಸಿಕ್ತು! ನೀನಲ್ಲ ಕಣೇ, ನೀನಲ್ಲ!"

ನಡೆದದ್ದು ಇಷ್ಟು. ಹಿಂದಿನ ಸಾಯಂಕಾಲ ವೆಂಕಟೇಶಪ್ಪ ವಠಾರದವರನ್ನೆಲ್ಲ ಸೇರಿಸಿ, ನಾಳೆ ಸಗಣಿ ಉಂಡೆ ಹಾಕಿಸೋಣ ಎಂದಿದ್ದನಂತೆ. ನನಗೊಬ್ಬಳಿಗೆ ಹೇಳಿರಲಿಲ್ಲ. ಇದು ಹಿರಿಯರ ಕಾಲದ ಪದ್ಧತಿ. ಒಡವೆ ಕಳೆದರೆ ಕತ್ತಲ ಕೋಣೆಯಲ್ಲಿ ಒಂದು ದೊಡ್ಡ ಕೊಳಗ ಇಡುತ್ತಾರೆ. ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಸಗಣಿಯ ಉಂಡೆ ಕಟ್ಟಿಕೊಂಡು, ಒಬ್ಬೊಬ್ಬರೇ ಒಳಗೆ ಹೋಗಿ ಅದರಲ್ಲಿ ಹಾಕಿ ಬರಬೇಕು. ತೆಗೆದುಕೊಂಡವರು ಒಡವೆಯನ್ನು ಉಂಡೆಯೊಳಗೆ ಅಡಗಿಸಿ ಹಾಕಿದರೆ ಯಾರೆಂದು ಗೊತ್ತಾಗುವುದಿಲ್ಲ. ಒಡವೆಯೂ ಬಂತು, ಮರ್ಯಾದೆಯೂ ಉಳಿಯಿತು. ಕೊನೆಯಲ್ಲಿ ನೀರು ಸುರಿದು ಕಲಕುತ್ತಾರೆ. ಆವತ್ತು ಬೆಳಿಗ್ಗೆ ಒಂಬತ್ತೂವರೆಯಿಂದ ಏಳು ಮನೆಯ ದೊಡ್ಡವರೆಲ್ಲ ಉಂಡೆ ಹಾಕಿದರು. ಒಡವೆಯ ಒಡತಿ ಪೆದ್ದಮ್ಮನೂ ಹಾಕಿದಳು. ಕಲಕಿದಾಗ ಕಾಸಿನ ಸರ ವೆಂಕಟೇಶಪ್ಪನ ಕೈಗೆ ಬಂತು.

ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆ? ಪೊಲೀಸರ ಕಣ್ಣೆದುರಿಗೆ. ಹಾಗಾಗಿ ಸರವನ್ನು ಯಾರೇ ಹಾಕಿರಲಿ, ಅದು ನಾನಂತೂ ಆಗಿರಲು ಸಾಧ್ಯವಿಲ್ಲ ಎಂದು ವಠಾರವೆಲ್ಲ ಒಪ್ಪಿತು. ಪೆದ್ದಮ್ಮ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು. ಆಮೇಲೆ ಚೌಡೇಶ್ವರಿಗೆ ದೀಪ ಹಚ್ಚಿ, ಎಲ್ಲರ ಎದುರಿಗೆ ಎಲೆಯಡಿಕೆ ಹಾಕಿಕೊಂಡಳು.

ಹತ್ತು ದಿನದೊಳಗೆ ಕೇಸು ಮುಚ್ಚಿತು. ವಸ್ತು ಮನೆಯಲ್ಲೇ ಸಿಕ್ಕಿದೆ, ಕಳವಾಗಿಲ್ಲ ಎಂದು ರಿಪೋರ್ಟು ಹೋಯಿತು. ಜೂನ್ ಎಂಟಕ್ಕೆ ಠಾಣೆಯ ಸರ್ಟಿಫಿಕೇಟು ನನ್ನ ಕೈಲಿತ್ತು, ಹತ್ತಕ್ಕೆ ಆರ್ಡರು ಸಿಕ್ಕಿತು. ಪರಿಗಿ ಮಂಡಲದ ಕನ್ನಡ ಶಾಲೆ. ಸರ್ಟಿಫಿಕೇಟು ಕೊಟ್ಟ ದಿನ ರೈಟರು ಕಾಣಲಿಲ್ಲ. ಕಲ್ಯಾಣದುರ್ಗಕ್ಕೆ ಟ್ರಾನ್ಸ್‌ಫರ್ ಆಯಿತು ಅಂದರು. ಒಳ್ಳೆಯದಾಯಿತು, ಅಲ್ಲಿಯವರನ್ನು ಕಾಯಿಸಲಿ ಎಂದುಕೊಂಡೆ. ಆಂಜನೇಯನಿಗೆ ತೆಂಗಿನಕಾಯಿ ಒಡೆದೆ, ಚೌಡೇಶ್ವರಿಗೆ ಸೀರೆ ಕೊಟ್ಟೆ. ಯಾರಿಗೆ ಕೈಮುಗಿಯಬೇಕಿತ್ತೋ ಅವರನ್ನು ಬಿಟ್ಟು ಉಳಿದವರಿಗೆಲ್ಲ ಮುಗಿದೆ.

ಐದು ವರ್ಷವಾಯಿತು. 2009ರ ಏಪ್ರಿಲ್‌ನಲ್ಲಿ ಮತ್ತೆ ಎಲೆಕ್ಷನ್. ಟೀಚರುಗಳಿಗೆ ಬೂತ್ ಡ್ಯೂಟಿ. ನನಗೆ ಬಿದ್ದಿದ್ದು ಕಲ್ಯಾಣದುರ್ಗ. ಮತದಾನದ ಹಿಂದಿನ ದಿನ ಕಾಲೇಜಿನ ಮೈದಾನದಲ್ಲಿ ವೋಟಿಂಗ್ ಮಿಷನ್ ತೆಗೆದುಕೊಂಡು, ಹಳ್ಳಿಗೆ ಹೋಗುವ ಬಸ್ಸಿಗಾಗಿ ಬೇವಿನ ಮರದ ಕೆಳಗೆ ಕಾಯುತ್ತಿದ್ದೆವು. ನಮ್ಮ ಬೂತಿಗೆ ಕೊಟ್ಟಿದ್ದ ಪೊಲೀಸಿನವರು ಕುಂಟುತ್ತಾ ಬಂದು ಪಕ್ಕದ ಕಲ್ಲಿನ ಮೇಲೆ ಕೂತರು. ದಪ್ಪ ಕನ್ನಡಕ, ಕಿವಿಯ ಮೇಲೆ ಪೆನ್ನು. ಹೆಗಲ ಮೇಲೆ ಈಗ ಎಎಸ್ಸೈ ನಕ್ಷತ್ರ. ತಕ್ಷಣ ಗುರುತು ಹಿಡಿದೆ. ಬೇರೆ ಕಡೆ ಮುಖ ತಿರುಗಿಸಿದೆ.

"ಮಣ್ಣು ತೂರಿದ ಹುಡ್ಗಿ ಅಲ್ವೇನಮ್ಮ?" ಅಂದರು ವೆಂಕಟರಾಮಪ್ಪ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜತೆಯ ಟೀಚರುಗಳು ಊಟದ ಪೊಟ್ಟಣ ತರಲು ಹೋಗಿದ್ದರು, ಸದ್ಯ. "ತಪ್ಪಾಯ್ತು ಸಾರ್. ಆವತ್ತು ನಂಗೆ ತಲೆ ನೆಟ್ಟಗಿರ್ಲಿಲ್ಲ," ಅಂದೆ.

"ಹೋಗ್ಲಿ ಬಿಡು. ಕೆಲ್ಸ ಸಿಕ್ತಲ್ಲ. ಪೆದ್ದಮ್ಮ ಹೆಂಗೈತೆ?"

"ಹೋದ ವರ್ಷ ತೀರ್ಕೊಂಡ್ರು ಸಾರ್. ನನ್ನ ಮದ್ವೆಗೆ ತಾವೇ ಮುಂದೆ ನಿಂತು ರೇಷ್ಮೆ ಸೀರೆ ನೇಯಿಸ್ಕೊಟ್ರು. ನನ್ನ ಮೇಲೆ ಬಾಳ ಅಕ್ಕರೆ ಆಗೋಗಿತ್ತು. ಸರ ಕದ್ದೋರು ಯಾರು ಅಂತ ಮಾತ್ರ ಕೊನೇಗಂಟ ಗೊತ್ತಾಗ್ಲೇ ಇಲ್ಲ."

ರೈಟರು ಹತ್ತಿರ ಯಾರೂ ಇಲ್ಲವೆಂದು ಸುತ್ತ ನೋಡಿಕೊಂಡರು. ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ಆಯಮ್ಮ ಹೋದ್ಮೇಲೆ ಹೇಳ್‌ಬೌದು. ಯಾರೂ ಕದ್ದಿರ್ಲಿಲ್ಲ ಕಣಮ್ಮ. ಮದ್ವೆಗೆ ಹೊರಡೋ ಗಡಿಬಿಡೀಲಿ ಟ್ರಂಕಿನಿಂದ ತೆಗ್ದು ರಾಗಿ ವಾಡೇಲಿ ಬಚ್ಚಿಟ್ಟು ಮರ್ತುಬುಟ್ಟಿದ್ಲು. ತಿಂಗ್ಳು ಕಳೆದ್ಮೇಲೆ ಬೀಸೋಕೆ ರಾಗಿ ತೆಗೀವಾಗ ಸಿಕ್ತು. ಅಷ್ಟೊತ್ತಿಗೆ ನಿನ್ನ ಕಡೆ ಬೆರಳು ಮಾಡಾಗಿತ್ತು, ಪೊಲೀಸ್ ಕಂಪ್ಲೇಂಟ್ ಆಗಿತ್ತು. ಬಾಯಿಬಿಟ್ರೆ ಬಣ್ಣಗೇಡು. ಸುಳ್ಳು ಕಂಪ್ಲೇಂಟ್ ಅಂತ ಮಗನ್ನೇ ಒಳಗೆ ಹಾಕ್ತಾರೆ ಅಂತ ಹೆದ್ರಿಕೊಂಡು ಮಡಿಕ್ಕೊಂಬುಟ್ಲು."

"ನಿಮಗೆ ಹೆಂಗೆ ಗೊತ್ತಾಯ್ತು?"

"ಎಲೆ ಅಡಿಕೆ ಬಿಡ್ತೀನಿ ಅಂತ ಹರಕೆ ಹೊತ್ತಿದ್ಲಲ್ಲ? ನಕ್ಷೆ ಬರೆಯಾಕೆ ಬಂದಾಗ ಸೆರಗು ಅಡ್ಡ ಹಿಡ್ಕಂಡು ಮಾತಾಡಿದ್ಲು. ತೊಟ್ಟಿ ಹತ್ರ ಹೋಗಿ ನೋಡ್ದೆ. ಕಲ್ಲಿನ ಸಂದೀಲಿ ಕೆಂಪಗೆ ಉಗಿದಿತ್ತು. ಚೌಡಮ್ಮನ ಹರಕೆ ಮುರಿಯೋ ಅಂಥ ಹೆಂಗಸಲ್ಲ ಆಯಮ್ಮ. ಹಂಗಂದ್ರೆ ಸರ ಸಿಕ್ಕೈತೆ ಅಂತ್ಲೇ ಅರ್ಥ. ಮಿಕ್ಕಿದ್ದು ಸಗಣೀಲಿ ಸರ ಬಂದ್ಮೇಲೆ ಒಂದಿನ ಆಯಮ್ಮನೇ ನನ್ನ ಮುಂದೆ ಅತ್ಕಂಡು ಹೇಳಿದ್ಲು."

ನನಗೆ ಮೊದಲು ಬಂದದ್ದು ಕೋಪ. ಸುಳ್ಳೇಕೆ? ಆ ಹೆಂಗಸು ತನ್ನ ಮಾನ ಉಳಿಸಿಕೊಳ್ಳಲು ಎರಡು ತಿಂಗಳು ನನ್ನನ್ನು ಬೆಂಕಿಯ ಮೇಲೆ ನಿಲ್ಲಿಸಿದ್ದಳು! "ಆಗ್ಲೇ ಯಾಕೆ ಹೇಳ್ಲಿಲ್ಲ ಸಾರ್? ಮನೆ ಸೋದಿಸಿದ್ರೆ ಮುಗೀತಿತ್ತಲ್ಲ!"

"ಏನಂತ ಸೋದಿಸ್ಲಿ? ಉಗುಳು ನೋಡಿದೆ ಅಂತ ಫೈಲಲ್ಲಿ ಬರೀಲಾ? ಪೊಲೀಸ್ ಒಳಗೆ ಕಾಲಿಟ್ರೆ ಆಯಮ್ಮ ಹೆದ್ರಿ ಸರಾನ ಬಾವಿಗೆ ಎಸೆದುಬುಟ್ರೆ? ಆಮೇಲೆ ನೀನು ಸಾಯೋಗಂಟ ಕಳ್ಳೀನೇ. ಮರ್ಯಾದೆಯಾಗಿ ಅದು ವಾಪಸ್ ಬರಾಕೆ ಒಂದು ದಾರಿ ಬೇಕಾಗಿತ್ತು. ಆಯಮ್ಮನೇ ಮನಸ್ಸು ಮಾಡಿ ಕೊಡ್ತಾಳೇನೋ ಅಂತ ಕಾದೆ, ಎಸ್ಸೈ ಸಾರ್ ಅವಸರ ಮಾಡಿದ್ಮೇಲೆ ವೆಂಕಟೇಶಪ್ಪಂಗೆ ನಾನೇ ಹೇಳ್ದೆ, ಸಗಣಿ ಉಂಡೆ ಹಾಕ್ಸು, ಮನೆಯೋರೂ ಹಾಕ್ಬೇಕು, ಇಲ್ದಿದ್ರೆ ಚೌಡಮ್ಮ ಒಪ್ಪಾಕಿಲ್ಲ ಅಂತ."

"ನಂಗೊಂದು ಮಾತು ಹೇಳ್‌ಬೌದಿತ್ತು."

"ನಿಂಗಾ?" ರೈಟರು ಮೊದಲ ಸಲ ನಕ್ಕರು. "ನಿಂಗೆ ಹೇಳಿದ್ರೆ ಸಾಯಂಕಾಲದೊಳಗೆ ಹಿಂದೂಪುರಕ್ಕೆಲ್ಲಾ ಗೊತ್ತಾಯ್ತಿತ್ತು."

ಅದು ನಿಜ. ಆಗ ನನಗೆ ಆ ಶುಕ್ರವಾರ ನೆನಪಾಯಿತು. ಒಂಬತ್ತು ಹತ್ತರ ಸಹಿ. ಗೇಟು ದಾಟಬೇಡ ಎಂದದ್ದು. ಹನ್ನೆರಡೂವರೆಯ ಫೋನು.

"ಆವತ್ತು ನನ್ನ ಸ್ಟೇಷನ್‌ನಾಗೆ ಕೂರ್ಸಿದ್ದು..."

"ನೀನೂ ವಠಾರದಾಗಿದ್ದು, ಉಂಡೆ ಹಾಕಿ, ಸರ ಸಿಕ್ಕಿದ್ರೆ ಏನಂತಿದ್ರು ಜನ? ಹೆದ್ರಿ ವಾಪಸ್ ಹಾಕಿದ್ಲು ಅಂತಿದ್ರು. ಅದ್ಕೇ ರಿಜಿಸ್ಟರ್‌ನಾಗೆ ಸಹಿ, ಟೈಮು. ಎಸ್ಸೈ ಸಾರ್‌ಗೂ ಅದನ್ನೇ ತೋರ್ಸಿದ್ದು."

ನನ್ನ ಹೆಸರಿಗೆ ಹತ್ತಿದ ಮಸಿಯನ್ನು ತೊಳೆಯಲೆಂದೇ ಆ ಮನುಷ್ಯ ಮೂರೂವರೆ ಗಂಟೆ ನನ್ನನ್ನು ಕೂರಿಸಿಕೊಂಡಿದ್ದ. ಆ ಮೂರೂವರೆ ಗಂಟೆಗೇ ನಾನು ಮಣ್ಣು ತೂರಿದ್ದೆ.

"ಮತ್ತೆ ಆ ತಿರುಪತಿ, ಆ ಕಾರ್ಬನ್ನು?"

"ತಿರುಪತಿ ನಿಜ. ಬೆರಳಚ್ಚು ನಿಜ, ಆರು ವಾರ ಹಿಡೀತು. ಎಲೆಕ್ಷನ್ನಂತೂ ನೀನೇ ನೋಡಿದ್ದೀಯ. ಕೇಸು ತಡ ಆಗಾಕೆ ನಾವೇನೂ ಕಷ್ಟಪಡ್‌ಬೇಕಾಗಿಲ್ಲ ಕಣಮ್ಮ, ತಂತಾನೆ ಆಯ್ತದೆ. ಕಾರ್ಬನ್ನು ಮಾತ್ರ ನನ್ನ ಡ್ರಾಯರ್‌ನಾಗೇ ಇತ್ತು." ಕನ್ನಡಕ ತೆಗೆದು ಒರೆಸಿಕೊಂಡರು. "ಮೂವತ್ತು ವರ್ಷದ ಸರ್ವೀಸ್‌ನಾಗೆ ಸೋಮಾರಿತನಕ್ಕೆ ನೂರು ಕೇಸು ತಡ ಮಾಡಿದ್ದೀನಿ. ಯಾರೂ ಕೇಳ್ಲಿಲ್ಲ. ಬೇಕೂ ಅಂತ ತಡ ಮಾಡಿದ್ದು ಇದೊಂದೇ. ಮೆಮೋ ಬಂದಿದ್ದೂ ಇದೊಂದಕ್ಕೇ. ಇನ್‌ಕ್ರಿಮೆಂಟ್ ಕಟ್ಟು, ಟ್ರಾನ್ಸ್‌ಫರು."

"ಪೆದ್ದಮ್ಮ ಆವತ್ತೂ ಸರ ಹಾಕದೇ ಇದ್ದಿದ್ರೆ ಏನ್ ಮಾಡ್ತಿದ್ರಿ ಸಾರ್?"

"ಇನ್ನೊಬ್ಬ ಸಾಕ್ಷಿ ತಿರುಪತಿಗೆ ಹೋಗ್ತಿದ್ದ," ಅಂದರು.

ನಾನು ಎದ್ದು ಆ ಮೈದಾನದಲ್ಲೇ, ಮಿಷನ್ ಪೆಟ್ಟಿಗೆಗಳ ನಡುವೆ, ಅವರ ಕಾಲಿಗೆ ಬಿದ್ದೆ. ಅವರು ಗಾಬರಿಯಾಗಿ, "ಏ ಏಳಮ್ಮ, ಯೂನಿಫಾರಂನಾಗಿದ್ದೀನಿ," ಎಂದು ಹಿಂದೆ ಸರಿದರು.

ಮತದಾನ ಮುಗಿದ ಮರುದಿನ ಬೆಳಿಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ. ಹಣ್ಣು, ಹೂವು ತೆಗೆದುಕೊಂಡಿದ್ದೆ. ಬಾಗಿಲು ತೆರೆದವರು ಅವರ ಹೆಂಡತಿ ಬನಶಂಕರಮ್ಮ. ನಾನು ಯಾರೆಂದು ಹೇಳಿದ ಕೂಡಲೇ ಆಕೆಯ ಮುಖ ಬಿಗಿಯಿತು. ಹಣ್ಣಿನ ಚೀಲವನ್ನು ಮುಟ್ಟಲಿಲ್ಲ.

"ನೀನೇನಾ? ಐದು ವರ್ಷ ಆ ಮಣ್ಣು ಈ ಮನೆ ಬಿಟ್ಟು ಹೋಗಿಲ್ಲ ಕಣಮ್ಮ. ಮೆಮೋ ಬಂತು, ಅದೇ ಮಣ್ಣು ಅಂದೆ. ಊರು ಬಿಡಿಸಿದ್ರು. ಗಾಡಿಯಿಂದ ಬಿದ್ದು ಇವರ ಕಾಲು ಮುರೀತು. ಮಗಳಿಗೆ ಬಂದ ಎರಡು ಸಂಬಂಧ ತಪ್ಪೋದ್ವು. ಹೆಂಡ್ತಿ ಮಕ್ಳು ಬಾಗ್ಲು ಬಾಗ್ಲು ಕಾಯ್ಲಿ ಅಂದ್ಯಂತಲ್ಲ? ಅವ್ರು ನಗ್ತಾರೆ. ನಾನು ನಗಲಾ?"

ವೆಂಕಟರಾಮಪ್ಪನವರು ಒಳಗಿನಿಂದ, "ಸುಮ್ಕಿರೇ, ಹುಡ್ಗಿ ಆಗ ಸಣ್ಣೋಳು," ಅನ್ನುತ್ತಿದ್ದರು. ಆಕೆ ಸುಮ್ಮನಾಗಲಿಲ್ಲ. ಆಗುವುದೂ ಬೇಡವಾಗಿತ್ತು. ನನಗಿಂತ ಜೋರಾದ ಬಾಯಿಯೊಂದು ಈ ಲೋಕದಲ್ಲಿದೆ ಎಂದು ಗೊತ್ತಾಗಿ, ಅದು ನನ್ನನ್ನು ಬೈಯುತ್ತಿದ್ದರೆ ಒಂದೊಂದು ಮಾತಿಗೂ ನನ್ನ ಎದೆ ಹಗುರವಾಗುತ್ತಿತ್ತು. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಮಣ್ಣಿನಿಂದ ಯಾರ ಕಾಲೂ ಮುರಿಯುವುದಿಲ್ಲ ಎಂದು ನನಗೆ ಗೊತ್ತು. ಆದರೆ ಒಬ್ಬ ಹೆಂಗಸು ಐದು ವರ್ಷ ಹೆದರಿಕೊಂಡು ಬದುಕಿದ್ದು ನನ್ನ ಬಾಯಿಂದಲೇ, ಅದಂತೂ ಸುಳ್ಳಲ್ಲ.

ಅಂಗಳಕ್ಕೆ ಇಳಿದೆ. ತುಳಸಿಕಟ್ಟೆಯ ಪಕ್ಕ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಸೆರಗಿನ ತುದಿಯಲ್ಲಿ ಗಂಟು ಕಟ್ಟಿದೆ.

"ಅವ್ವಾ, ಆವತ್ತು ತೂರಿದ್ದನ್ನ ಇವತ್ತು ವಾಪಸ್ ತಗೊಂಡು ಹೋಯ್ತಾ ಇದ್ದೀನಿ. ನಿಮ್ಮ ಮನೇಲಿ ನಂದು ಇನ್ನೇನೂ ಉಳಿದಿಲ್ಲ. ನಿಮ್ಮ ಯಜಮಾನ್ರಿಂದ ನಾನು ದಿನಾ ಅನ್ನ ತಿಂತಾ ಇದ್ದೀನಿ. ನಿಮ್ಮ ಮನೆ ತಣ್ಣಗಿರ್ಲಿ, ನಿಮ್ಮ ಮಗಳು ಚೆನ್ನಾಗಿ ಬಾಳ್ಲಿ."

ಬನಶಂಕರಮ್ಮ ನನ್ನ ಸೆರಗಿನ ಗಂಟನ್ನೇ ನೋಡುತ್ತಾ ನಿಂತರು. ಆಮೇಲೆ ಹತ್ತಿರ ಬಂದು ಗಂಟನ್ನು ತಾವೇ ಎಳೆದು ನೋಡಿ, ಇನ್ನಷ್ಟು ಬಿಗಿಯಾಗಿ ಕಟ್ಟಿದರು. "ದಾರೀಲಿ ಎಲ್ಲೂ ಚೆಲ್ಬೇಡ," ಅಂದರು. ಒಳಗೆ ಕರೆದು ಮುದ್ದೆ, ಕಾಳಿನ ಸಾರು ಬಡಿಸಿದರು. ಹೊರಡುವಾಗ ಕುಂಕುಮ ಇಟ್ಟರು.

ಬಸ್ಸು ಗಡಿ ದಾಟಿ ಕರ್ನಾಟಕದ ಪಾವಗಡದ ಮೇಲೆ ಹಾದು, ಮತ್ತೆ ಆಂಧ್ರದ ನಮ್ಮ ಕಡೆಗೆ ಬಂತು. ಸೆರಗಿನ ಗಂಟನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದುಕೊಂಡಿದ್ದೆ. ಪೆದ್ದಮ್ಮನ ಮೇಲಿನ ಕೋಪ ಪಾವಗಡ ದಾಟುವ ಹೊತ್ತಿಗೆ ಅರ್ಧ ಇಳಿದಿತ್ತು. ಬಾವಿಗೆ ಎಸೆಯಬಹುದಾಗಿತ್ತಲ್ಲ. ಎಸೆಯದೆ, ಅರವತ್ತೈದರ ವಯಸ್ಸಿನಲ್ಲಿ ತನ್ನ ಕೈಯಾರೆ ಸಗಣಿ ಕಲಸಿ, ಉಂಡೆ ಕಟ್ಟಿ ತಂದಳಲ್ಲ. ಅದಕ್ಕಾದರೂ ಕೈಮುಗಿಯಬೇಕು ಅನ್ನಿಸಿತು. ಉಳಿದ ಅರ್ಧ ಕೋಪ ಈಗಲೂ ಇದೆ, ಇರಲಿ.

ಹಿಂದೂಪುರದಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ನೆಟ್ಟಗೆ ಠಾಣೆಗೆ ನಡೆದೆ. ಅದೇ ಅಂಗಳ, ಅದೇ ಮೆಟ್ಟಿಲು. ಎಲ್ಲಿ ಬಗ್ಗಿ ಮಣ್ಣು ತೆಗೆದಿದ್ದೆನೋ ಅಲ್ಲೇ ಕೂತು, ಗಂಟು ಬಿಚ್ಚಿ, ಒಂದು ಚೂರೂ ಉಳಿಯದ ಹಾಗೆ ಸುರಿದೆ. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಓಡಿ ಬಂದ.

"ಏನಮ್ಮಾ ಅದು?"

"ನಿಮ್ಮ ಸ್ಟೇಷನ್ನಿನ ಮಣ್ಣಪ್ಪ. ವಾಪಸ್ ತಂದಿದ್ದೀನಿ," ಅಂದೆ. "ಐದು ವರ್ಷ ತಡವಾಗೋಯ್ತು."